ಚಿತ್ರ ಬಂತು, ಕೀಲಿ ಬರಲಿಲ್ಲ | ಫಿಲ್ಮ್ ಫೆಸ್ಟಿವಲ್ ವ್ಲಾಗ್

ನಮಸ್ಕಾರ ಎಲ್ಲರಿಗೂ. ಈ ಸಾಲು ಬೆಳಗಿನ ಮೊದಲ ಶೋಗೆ ನಿಂತದ್ದು. ಎಲ್ಲರ ಕತ್ತಲ್ಲೂ ಪಾಸ್ ಇದೆ, ಸೀಟು ಮಾತ್ರ ಮೊದಲು ಬಂದವರಿಗೆ. ಅಲ್ಲಿ ಬ್ಯಾಗ್ ಮೇಲೆ ಕೂತು ಶೆಡ್ಯೂಲ್‌ಗೆ ಪೆನ್ಸಿಲ್ ಗುರುತು ಹಾಕುತ್ತಿದ್ದಾರಲ್ಲ, ಅಂಥವರನ್ನು ಕಂಡರೆ ನನಗೆ ತುಂಬಾ ಇಷ್ಟ. "ನಿನ್ನೆ ಯಾವುದು ನೋಡಿದ್ರಿ, ಹೇಗಿತ್ತು" ಅಂತ ಕೇಳಿದರೆ ಸಾಕು, ಬೇರೆ ವಿಮರ್ಶೆಯೇ ಬೇಡ.

ಇದು ಹಾಲ್ ಒಳಗೆ. ಸಿನಿಮಾ ಓಡುವಾಗ ನಾನು ಕ್ಯಾಮೆರಾ ತೆಗೆಯುವುದಿಲ್ಲ, ಯಾರೂ ತೆಗೆಯಬಾರದು. ಪರದೆ ಖಾಲಿ ಇದೆಯಲ್ಲ, ಅದಕ್ಕೇ ಈ ಶಾಟ್. ಈ ಖಾಲಿ ಪರದೆಯನ್ನು ನಾವೆಲ್ಲ ಮುಕ್ಕಾಲು ಗಂಟೆ ನೋಡಿದೆವು. ಯಾಕೆ ಅಂತ ಹೇಳಲೇಬೇಕು.

ಈ ಚಿತ್ರ ಮೊದಲು ಸಣ್ಣ ಹಾಲ್‌ನಲ್ಲಿತ್ತು. ಜನ ಜಾಸ್ತಿ ಬಂದರು. ಆಯೋಜಕರು ಒಳ್ಳೆಯದನ್ನೇ ಯೋಚಿಸಿ ದೊಡ್ಡ ಹಾಲ್‌ಗೆ ಬದಲಾಯಿಸಿದರು. ಎಲ್ಲರಿಗೂ ಸೀಟು ಸಿಕ್ಕಿತು. ದೀಪ ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿತು. ವಾಕಿಟಾಕಿ ಹಿಡಿದ ಹುಡುಗ ಬಂದು "ಐದು ನಿಮಿಷ" ಎಂದ. ಆಮೇಲೆ ಇನ್ನೊಬ್ಬರು ಬಂದು "ಇನ್ನೈದು ನಿಮಿಷ" ಎಂದರು. ಕಾರಣ ಮಾತ್ರ ಯಾರೂ ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ತಡವಾಗಲಿ ಪರವಾಗಿಲ್ಲ, ಏನಾಗಿದೆ ಅಂತ ಹೇಳಿ. ಸಿನಿಮಾಗೋಸ್ಕರ ಬೆಳಗ್ಗೆಯೇ ಎದ್ದು ಬಂದವರು ಅರ್ಥ ಮಾಡಿಕೊಳ್ಳುವುದಿಲ್ಲವಾ?

ನಾನೇ ಎದ್ದು ಪ್ರೊಜೆಕ್ಷನ್ ರೂಮಿನ ಬಾಗಿಲಿಗೆ ಹೋದೆ. ಚಿತ್ರ ಓಡಿಸುವ ಕಂಪ್ಯೂಟರ್, ಅಂದರೆ ಸರ್ವರ್‌ನ ಪರದೆಯಲ್ಲಿ ಚಿತ್ರದ ಹೆಸರಿದೆ, ಪಕ್ಕದಲ್ಲೇ ಬೀಗದ ಗುರುತು. ಪ್ರೊಜೆಕ್ಷನಿಸ್ಟ್ ಅಣ್ಣನ ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಪೆನ್‌ಡ್ರೈವ್. ಕೆಲಸದ ನಡುವೆಯೂ ಪಾಪ, ನಿಂತು ಬಿಡಿಸಿ ಹೇಳಿದರು.

ಈಗ ಸಿನಿಮಾ ಡಬ್ಬಿಯಲ್ಲಿ ಬರುವುದಿಲ್ಲ. ಡಿಸಿಪಿ ಅಂತ, ಫೈಲ್‌ಗಳ ಒಂದು ಕಂತೆ. ಹಾರ್ಡ್ ಡಿಸ್ಕ್‌ನಲ್ಲೋ ನೆಟ್‌ನಲ್ಲೋ ಬರುತ್ತದೆ. ಯಾರೂ ಕದಿಯಬಾರದು ಅಂತ ಬೀಗ ಹಾಕಿರುತ್ತಾರೆ. ಕೀಲಿ ಬೇರೆಯಾಗಿ ಬರುತ್ತದೆ, ಸಾಮಾನ್ಯವಾಗಿ ಮೇಲ್‌ನಲ್ಲಿ. ಅದಕ್ಕೆ ಕೆಡಿಎಂ ಎನ್ನುತ್ತಾರೆ. ತೀರಾ ಪುಟ್ಟ ಫೈಲ್. ಆದರೆ ಯಾವ ಸರ್ವರ್‌ಗೆ ಅಂತ ಮಾಡಿದ್ದಾರೋ ಅದರಲ್ಲಿ ಮಾತ್ರ ಬೀಗ ತೆಗೆಯುತ್ತದೆ. ಯಾವ ತಾರೀಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅನ್ನುವುದೂ ಅದರಲ್ಲೇ ಇರುತ್ತದೆ. ಸಣ್ಣ ಹಾಲ್‌ನ ಸರ್ವರ್‌ಗೆ ಮಾಡಿದ ಕೀಲಿ ದೊಡ್ಡ ಹಾಲ್‌ನಲ್ಲಿ ನಡೆಯುವುದಿಲ್ಲ. ಹೊಸದು ಬೇಕು. ಕೊಡಬೇಕಾದ ಕಚೇರಿ ಬೇರೆ ದೇಶದಲ್ಲಿದೆ, ಅಲ್ಲಿ ಆಗ ನಡುರಾತ್ರಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು.

ರೀಲ್ ಕಾಲದಲ್ಲಾದರೆ ಡಬ್ಬಿ ಎತ್ತಿಕೊಂಡು ಪಕ್ಕದ ಹಾಲ್‌ಗೆ ಓಡಿದರೆ ಮುಗಿಯಿತು. ಹಳೇ ಕಾಲವೇ ವಾಸಿ ಅಂತ ಆಗ ಅಂದುಕೊಂಡೆ. ಈಗ ಹಾಗೆ ಹೇಳುವುದಿಲ್ಲ. ಎರಡು ಗಂಟೆ ಚಿತ್ರ ಅಂದರೆ ಆರೇಳು ರೀಲು, ಒಳ್ಳೇ ಭಾರ. ಒಂದು ಪ್ರಿಂಟ್ ಹಾಕಿಸುವುದಕ್ಕೇ ಎಷ್ಟೊಂದು ದುಡ್ಡು. ಕೈಯಲ್ಲಿ ಕಾಸಿಲ್ಲದ ಹೊಸ ನಿರ್ದೇಶಕರ ಚಿತ್ರಗಳು ಇವತ್ತು ಒಂದೇ ವಾರ ನಾಲ್ಕು ಕಡೆ ಓಡುತ್ತವೆ ಅಂದರೆ ಅದು ಈ ಫೈಲ್‌ಗಳಿಂದಲೇ. 2024ರಲ್ಲಿ ಫ್ರಾನ್ಸ್‌ನ ಕಾನ್ ಫೆಸ್ಟಿವಲ್‌ನ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ. 2015ರಲ್ಲಿ 'ತಿಥಿ' ಸ್ವಿಟ್ಜರ್ಲೆಂಡ್‌ನ ಲೊಕಾರ್ನೋ ಫೆಸ್ಟಿವಲ್‌ನಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಗೆದ್ದಾಗ ಅದರಲ್ಲಿ ಹೆಸರಾಂತ ನಟರು ಇರಲೇ ಇಲ್ಲ, ಹಳ್ಳಿ ಜನರೇ ನಟಿಸಿದ್ದರು. ಇಂಥ ಚಿತ್ರಗಳನ್ನು ಮೊದಲು ಕೈಹಿಡಿಯುವುದು ಫೆಸ್ಟಿವಲ್‌ಗಳೇ.

ಕೊನೆಗೂ ಮೇಲ್ ಬಂತು. ಅಣ್ಣ ಪೆನ್‌ಡ್ರೈವ್ ಚುಚ್ಚಿದರು, ಬೀಗದ ಗುರುತು ಹೋಯಿತು. ನಾನು ಸೀಟಿಗೆ ಓಡಿದೆ. ಎದ್ದು ಹೋದವರು ಬೆರಳೆಣಿಕೆಯಷ್ಟು. ಚಿತ್ರ ಚೆನ್ನಾಗಿತ್ತು, ನಡುವೆ ಸ್ವಲ್ಪ ಎಳೆದರು. ಅದರ ಮಾತು ಇನ್ನೊಂದು ವಿಡಿಯೋದಲ್ಲಿ.

ತಡವಾದದ್ದಕ್ಕೆ ಮುಂದಿನ ಶೋ ತಪ್ಪಿತು. ಅದು ದೊಡ್ಡ ಪ್ರಶಸ್ತಿ ಗೆದ್ದ ಚಿತ್ರ. ಇರಲಿ ಬಿಡಿ. ನನ್ನ ಮಾತು ಕೇಳಿ, ಫೆಸ್ಟಿವಲ್‌ನಲ್ಲಿ ಪ್ರಶಸ್ತಿ ಪಟ್ಟಿ ಹಿಡಿದು ಸಿನಿಮಾ ಆರಿಸಬೇಡಿ. ಅವು ಇವತ್ತಲ್ಲ ನಾಳೆ ಥಿಯೇಟರ್‌ಗೋ ಮೊಬೈಲ್‌ಗೋ ಬರುತ್ತವೆ. ಹೆಸರೇ ಕೇಳಿರದ ಚಿತ್ರಕ್ಕೆ ಇದೊಂದೇ ಶೋ ಇರಬಹುದು.

ಮೆಟ್ಟಿಲ ಹತ್ತಿರ ಒಬ್ಬರು ಕೇಳಿದರು, "ಕಾನ್‌ನಲ್ಲಿ ಗೆದ್ದದ್ದು ಆಸ್ಕರ್‌ನಲ್ಲೂ ಗೆಲ್ಲಬೇಕಲ್ವಾ?" ಗೆದ್ದದ್ದುಂಟು. 'ಪ್ಯಾರಸೈಟ್' ಎರಡನ್ನೂ ಗೆದ್ದಿತು, 'ಅನೋರಾ' ಕೂಡ. ಆದರೆ ಎರಡರ ಲೆಕ್ಕವೇ ಬೇರೆ. ಕಾನ್‌ನಲ್ಲಿ ಒಂದು ಸಣ್ಣ ಜ್ಯೂರಿ ಕೂತು, ಮಾತಾಡಿ, ಜಗಳ ಮಾಡಿ ಆರಿಸುತ್ತದೆ. ಆಸ್ಕರ್‌ಗೆ ಮತ ಹಾಕುವವರು ಹತ್ತು ಸಾವಿರದ ಆಸುಪಾಸು. ಅತ್ಯುತ್ತಮ ಚಿತ್ರಕ್ಕೆ ಬರೀ ಒಂದು ಹೆಸರಿಗೆ ಗುರುತು ಹಾಕುವ ಪದ್ಧತಿಯಲ್ಲ, ಒಂದು, ಎರಡು, ಮೂರು ಅಂತ ಕ್ರಮ ಹಾಕುತ್ತಾರೆ. ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ಮೊದಲ ಸ್ಥಾನದ ಮತ ಬರದಿದ್ದರೆ ಕೊನೆಯದನ್ನು ತೆಗೆದುಹಾಕಿ, ಅದರ ಮತಗಳನ್ನು ಆ ಜನರ ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಅರ್ಧ ದಾಟುವವರೆಗೂ ಹೀಗೇ. ಹಾಗಾಗಿ ಕೆಲವರು ಪ್ರಾಣ ಬಿಡುವ ಚಿತ್ರಕ್ಕಿಂತ ಹೆಚ್ಚಿನವರು "ಚೆನ್ನಾಗಿದೆ" ಅನ್ನುವ ಚಿತ್ರಕ್ಕೆ ಅನುಕೂಲ ಜಾಸ್ತಿ. ನನಗೆ ಈ ಪದ್ಧತಿ ಅಷ್ಟಾಗಿ ಹಿಡಿಸುವುದಿಲ್ಲ. ಒಂದು ಒಳ್ಳೆಯದಾಗಿದೆ: ಆಯಾ ವಿಭಾಗದ ಎಲ್ಲ ಚಿತ್ರ ನೋಡಿದವರೇ ಕೊನೇ ಸುತ್ತಿನಲ್ಲಿ ಮತ ಹಾಕಬೇಕು ಅಂತ 2025ರಲ್ಲಿ ನಿಯಮ ತಂದರು. ನೋಡದೇ ಮತ ಹಾಕುವುದಕ್ಕೆ ಇಷ್ಟು ವರ್ಷ ಬಿಟ್ಟಿದ್ದೇ ದೊಡ್ಡ ತಪ್ಪು. ಚಿತ್ರ ಮಾಡಿದವರಿಗೆ ಅಷ್ಟಾದರೂ ಮರ್ಯಾದೆ ಬೇಡವಾ?

ಅಯ್ಯೋ, ಆ ಕಡೆ ಸಾಲು ಆಗಲೇ ಒಳಗೆ ಹೋಗುತ್ತಿದೆ. ನಿರ್ದೇಶಕಿಯ ಮೊದಲ ಚಿತ್ರವಂತೆ, ಟ್ರೇಲರ್ ಕೂಡ ನೋಡಿಲ್ಲ. ಆಮೇಲೆ ಅವರ ಜೊತೆ ಪ್ರಶ್ನೋತ್ತರವೂ ಇದೆ, ಸಬ್‌ಟೈಟಲ್ ಬಗ್ಗೆ ಒಂದು ಪ್ರಶ್ನೆ ಕೇಳಬೇಕು. ಕ್ಯಾಮೆರಾ ಆಫ್ ಮಾಡ್ತೀನಿ, ಮೂರನೇ ಸಾಲಲ್ಲಿ ಒಂದು ಸೀಟು ಖಾಲಿ ಕಾಣ್ತಿದೆ.