ಶಿಕ್ಷೆ ಮುಗಿದ ಮೇಲೆ ಹೊಣೆ ಯಾರದು? ಬ್ರಿಟನ್ನಿನಲ್ಲಿ ಎರಡು ಇಲಾಖೆಗಳ ಮಧ್ಯೆ ಜಾರಿಹೋದ ಕೈದಿಗಳು

[ದೃಶ್ಯ: ಜೈಲಿನ ಹೊರಗೋಡೆ. ಅಕ್ಷರ: ಚೆಮ್ಸ್‌ಫರ್ಡ್, 24 ಅಕ್ಟೋಬರ್ 2025]

ಇಂಗ್ಲೆಂಡಿನ ಚೆಮ್ಸ್‌ಫರ್ಡ್ ಜೈಲು. ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ 12 ತಿಂಗಳ ಶಿಕ್ಷೆಯಾಗಿದ್ದ ಇಥಿಯೋಪಿಯಾದ ಕೈದಿಯನ್ನು ಅವತ್ತು ವಲಸೆ ಬಂಧನ ಕೇಂದ್ರಕ್ಕೆ ಒಪ್ಪಿಸಬೇಕಿತ್ತು. ಅಲ್ಲಿಂದ ಗಡೀಪಾರು. ಜೈಲಿನವರು ಅದರ ಬದಲು ಮಾಮೂಲಿ ಬಿಡುಗಡೆಯಂತೆ ಗೇಟು ತೆಗೆದು ಹೊರಗೆ ಕಳಿಸಿದರು. ಅಲ್ಲಿಗೆ ಸಾಮಾನು ತಂದಿದ್ದ ಡೆಲಿವರಿ ಚಾಲಕನೊಬ್ಬ ಮಾಧ್ಯಮಗಳಿಗೆ ಹೇಳಿದ ಪ್ರಕಾರ, ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ಆ ಮನುಷ್ಯ ಪದೇ ಪದೇ ಜೈಲಿನವರ ಹತ್ತಿರವೇ ವಾಪಸ್ ಬಂದ. ಸಿಬ್ಬಂದಿ ರೈಲ್ವೆ ಸ್ಟೇಷನ್ ಕಡೆಗೆ ಕೈ ತೋರಿಸಿದರು.

ಎರಡು ದಿನ ಹುಡುಕಾಡಿದ ಮೇಲೆ ಲಂಡನ್ನಿನಲ್ಲಿ ಸಿಕ್ಕಿದ. ವಿಮಾನ ಹತ್ತಿಸುವಾಗ ತಕರಾರು ತೆಗೆಯುತ್ತೇನೆಂದು ಬೆದರಿಸಿದ್ದಕ್ಕೆ 500 ಪೌಂಡ್ ಕೈಗೆ ಕೊಟ್ಟು ಕಳಿಸಿದರು. ಅಮಾನತಾದದ್ದು ಒಬ್ಬ ಜೈಲು ಅಧಿಕಾರಿ.

ಇದೇ ದೇಶದಲ್ಲಿ, ಇದೇ ಥರದ ತಪ್ಪಿಗೆ, 2006ರಲ್ಲಿ ಗೃಹ ಸಚಿವರೇ ಕುರ್ಚಿ ಕಳೆದುಕೊಂಡಿದ್ದರು. ಅದಕ್ಕೆ ಬರುವ ಮೊದಲು ತಪ್ಪು ಆಗುವ ಜಾಗ ಯಾವುದೆಂದು ನೋಡಿಬಿಡೋಣ.

[ಗ್ರಾಫಿಕ್: ಎಡಕ್ಕೆ ಜೈಲು, ಬಲಕ್ಕೆ ಹೋಮ್ ಆಫೀಸ್, ನಡುವೆ ಒಂದೇ ಒಂದು ಹಾಳೆ]

ವಿದೇಶಿ ಪ್ರಜೆಗೆ ಶಿಕ್ಷೆಯಾದರೆ ಜೈಲಿನವರು ಅದನ್ನು ಹೋಮ್ ಆಫೀಸಿಗೆ, ಅಂದರೆ ಗೃಹ ಇಲಾಖೆಗೆ ತಿಳಿಸಬೇಕು. ಗಡೀಪಾರು ಮಾಡಬೇಕೋ ಬೇಡವೋ ಎಂದು ಇಲಾಖೆ ತೀರ್ಮಾನಿಸುತ್ತದೆ. ಪಾಸ್‌ಪೋರ್ಟ್ ಇಲ್ಲದಿದ್ದರೆ ಆ ದೇಶದ ರಾಯಭಾರ ಕಚೇರಿಯಿಂದ ಪ್ರಯಾಣದ ದಾಖಲೆ ತರಿಸಬೇಕು. ಶಿಕ್ಷೆ ಮುಗಿಯುವುದರೊಳಗೆ ಇದೆಲ್ಲ ಆಗದಿದ್ದರೆ ವಲಸೆ ಕಾನೂನಿನಡಿ ಬಂಧನ ಮುಂದುವರಿಸಲು ಐಎಸ್ 91 ಎಂಬ ಫಾರಂ ಜೈಲಿಗೆ ಬಂದಿರಬೇಕು. ಎಲ್ಲವೂ ನಿಂತಿರುವುದು ಈ ಹಾಳೆಯ ಮೇಲೆ. ಶಿಕ್ಷೆಯ ಅವಧಿ ಮುಗಿದ ದಿನ ಅದು ಬಂದಿಲ್ಲ ಅಂದರೆ ಜೈಲು ಬಾಗಿಲು ತೆಗೆಯಲೇಬೇಕು. ಇಟ್ಟುಕೊಂಡರೆ ಅಕ್ರಮ ಬಂಧನ. ಬಂದಿದ್ದೂ ಯಾರೂ ನೋಡಿಲ್ಲ ಅಂದರೂ ಬಾಗಿಲು ತೆರೆಯುತ್ತದೆ. ವಿಚಾರಣಾಧೀನನಾಗಿ ಒಳಗಿದ್ದ ದಿನಗಳು ಶಿಕ್ಷೆಯಲ್ಲಿ ವಜಾ ಆಗುವುದರಿಂದ, ತೀರ್ಪು ಬಂದ ಕೆಲವೇ ವಾರಕ್ಕೆ ಬಿಡುಗಡೆಯ ದಿನ ಎದುರಿಗೆ ನಿಂತಿರುವುದೂ ಉಂಟು.

[ಅಕ್ಷರ: 2006]

2005ರ ಅಕ್ಟೋಬರಿನಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಸದಸ್ಯ ರಿಚರ್ಡ್ ಬೇಕನ್ ಒಂದು ಸಾದಾ ಪ್ರಶ್ನೆ ಕೇಳಿದರು: ಗಡೀಪಾರಿನ ವಿಚಾರವನ್ನೇ ಎತ್ತಿಕೊಳ್ಳದೆ ಬಿಟ್ಟ ವಿದೇಶಿ ಕೈದಿಗಳು ಎಷ್ಟು ಜನ? ಮೊದಲು ಬಂದ ಉತ್ತರ 403. ಕೆದಕುತ್ತ ಹೋದಂತೆ ಲೆಕ್ಕ ಬೆಳೆಯಿತು. 2006ರ ಏಪ್ರಿಲ್ 25ರಂದು ಗೃಹ ಸಚಿವ ಚಾರ್ಲ್ಸ್ ಕ್ಲಾರ್ಕ್ ಒಪ್ಪಿಕೊಂಡ ಸಂಖ್ಯೆ 1,023. 1999ರ ಫೆಬ್ರವರಿಯಿಂದ 2006ರ ಮಾರ್ಚ್‌ವರೆಗಿನದು. ಇವರಲ್ಲಿ 160 ಮಂದಿಯನ್ನು ಗಡೀಪಾರು ಮಾಡಿ ಎಂದು ಕೋರ್ಟೇ ಶಿಫಾರಸು ಮಾಡಿತ್ತು.

ಎಲ್ಲರ ಬಾಯಲ್ಲಿ ಉಳಿದದ್ದು 1,023. ನಮ್ಮ ಲೆಕ್ಕದಲ್ಲಿ ಕ್ಲಾರ್ಕ್ ಅವರನ್ನು ಮುಳುಗಿಸಿದ್ದು ಬೇರೆ ಸಂಖ್ಯೆ.

[ಪರದೆ ತುಂಬ: 288]

2005ರ ಆಗಸ್ಟ್‌ನಿಂದ 2006ರ ಮಾರ್ಚ್‌ವರೆಗೆ ಹೊರಗೆ ಹೋದವರು ಇಷ್ಟು ಮಂದಿ. ಸಮಿತಿ ಪ್ರಶ್ನೆ ಕೇಳಿ, ಇಲಾಖೆ ಉತ್ತರ ಕೊಟ್ಟು, ತಪ್ಪು ನಡೆಯುತ್ತಿದೆ ಎಂದು ಗೊತ್ತಾದ ಮೇಲೂ ಬಿಡುಗಡೆ ನಿಂತಿರಲಿಲ್ಲ. ಹಳೆಯ ಸಚಿವರ ಕಾಲದ ಕೊಳೆಯನ್ನು ಹಿಂದಿನವರ ಮೇಲೆ ಹಾಕಬಹುದು. 288ನ್ನು ಹಾಕಲು ಬೇರೆ ಯಾರೂ ಇರಲಿಲ್ಲ. ಮೇ 4ರಂದು ಸ್ಥಳೀಯ ಚುನಾವಣೆ ನಡೆಯಿತು, ಮೇ 5ರಂದು ಪ್ರಧಾನಿ ಟೋನಿ ಬ್ಲೇರ್, ಕ್ಲಾರ್ಕ್ ಅವರನ್ನು ಗೃಹ ಖಾತೆಯಿಂದ ತೆಗೆದರು. ಬೇರೆ ಖಾತೆ ಬೇಡವೆಂದು ಕ್ಲಾರ್ಕ್ ಸಾಮಾನ್ಯ ಸಂಸದರಾಗಿ ಹಿಂದಿನ ಬೆಂಚಿಗೆ ಹೋದರು. ಅವರ ಜಾಗಕ್ಕೆ ಬಂದ ಜಾನ್ ರೀಡ್ ಮೂರನೇ ವಾರದಲ್ಲೇ ಸಂಸದೀಯ ಸಮಿತಿಯ ಮುಂದೆ, ವಲಸೆ ವ್ಯವಸ್ಥೆ ಕೆಲಸಕ್ಕೆ ಯೋಗ್ಯವಾಗಿಲ್ಲ ಎಂದರು.

ಕಾರಣ ಪಿತೂರಿ ಏನಲ್ಲ, ಬರೀ ಆಡಳಿತ. ವಿದೇಶಿ ಕೈದಿಗಳು ಹತ್ತು ಸಾವಿರ ದಾಟಿದ್ದಾಗ ಅವರ ಕಡತ ನೋಡುತ್ತಿದ್ದ ಸಿಬ್ಬಂದಿ ನೂರಕ್ಕೂ ಕಡಿಮೆ.

ಆಮೇಲೆ ಲೋಲಕ ಇನ್ನೊಂದು ತುದಿಗೆ ಹೋಯಿತು. ಪ್ರಕಟಿತ ನೀತಿ, ಶಿಕ್ಷೆ ಮುಗಿಸಿ ಗಡೀಪಾರಿಗೆ ಕಾಯುತ್ತಿರುವವರನ್ನು ಸಾಧ್ಯವಾದ ಮಟ್ಟಿಗೆ ಹೊರಗೆ ಬಿಡಿ ಎನ್ನುತ್ತಿತ್ತು. 2006ರ ಏಪ್ರಿಲ್‌ನಿಂದ 2008ರ ಸೆಪ್ಟೆಂಬರ್‌ವರೆಗೆ ಇಲಾಖೆ ಯಾರಿಗೂ ಹೇಳದೆ ಪಾಲಿಸಿದ್ದು, ಹೆಚ್ಚುಕಡಿಮೆ ಎಲ್ಲರನ್ನೂ ಒಳಗಿಡುವ ಗುಟ್ಟಿನ ನೀತಿ. 2011ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಇದನ್ನು ಅಕ್ರಮ ಬಂಧನ ಎಂದಿತು. ಪರಿಹಾರ? ಒಂದು ಪೌಂಡ್. ಸರಿಯಾದ ನೀತಿ ಅನ್ವಯಿಸಿದ್ದರೂ ಆ ಅರ್ಜಿದಾರರು ಒಳಗೇ ಇರುತ್ತಿದ್ದರು ಎಂಬುದು ಕೋರ್ಟಿನ ತರ್ಕ. ಗುಟ್ಟಿನ ನೀತಿಗೆ ಯಾವ ಸಚಿವರೂ ಕುರ್ಚಿ ಕಳೆದುಕೊಳ್ಳಲಿಲ್ಲ, ಗಮನಿಸಿ.

ಈ ನಡುವೆ 2007ರ ಯುಕೆ ಬಾರ್ಡರ್ಸ್ ಕಾಯ್ದೆ ಬಂತು: 12 ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯಾದ ವಿದೇಶಿಯರಿಗೆ ‘ತಾನಾಗಿಯೇ’ ಗಡೀಪಾರು. ಈ ಹೆಸರು ದಾರಿ ತಪ್ಪಿಸುತ್ತದೆ. ಆದೇಶ ಹೊರಡಿಸುವುದು ಸಚಿವರಿಗೆ ಕಡ್ಡಾಯವಾಯಿತು, ಅಷ್ಟೇ. ಮಾನವ ಹಕ್ಕು, ನಿರಾಶ್ರಿತರ ಒಪ್ಪಂದದಂಥ ವಿನಾಯಿತಿಗಳು ಇದ್ದೇ ಇವೆ. ಆದೇಶ ಹೊರಟ ಮೇಲೂ ಪ್ರಯಾಣದ ದಾಖಲೆ, ಟಿಕೆಟ್ಟು, ಬೆಂಗಾವಲು ಎಲ್ಲ ಕೈಯಿಂದಲೇ ಆಗಬೇಕು.

ಲೆಕ್ಕಪರಿಶೋಧನಾ ಸಂಸ್ಥೆ 2014ರಲ್ಲಿ ನೋಡಿದಾಗ ಸಿಬ್ಬಂದಿ 900 ದಾಟಿದ್ದರು, ವಿದೇಶಿ ಅಪರಾಧಿಗಳ ಮೇಲಿನ ವಾರ್ಷಿಕ ಖರ್ಚು ಅಂದಾಜು 85 ಕೋಟಿ ಪೌಂಡ್. ಆದರೂ ಹಿಂದಿನ ವರ್ಷ ಕಳಿಸಲು ಹೋಗಿ ಕೈತಪ್ಪಿದ 1,453 ಪ್ರಕರಣಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವನ್ನು ಇಲಾಖೆ ತಾನೇ ತಪ್ಪಿಸಬಹುದಿತ್ತು.

[ಅಕ್ಷರ: ನವೆಂಬರ್ 2025]

ಮತ್ತೆ ಚೆಮ್ಸ್‌ಫರ್ಡ್‌ಗೆ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳು ತಪ್ಪಾಗಿ ಬಿಟ್ಟವರು, ದೇಶ ಯಾವುದೇ ಇರಲಿ, 262. ಅದರ ಹಿಂದಿನ ವರ್ಷ 115. ನ್ಯಾಯ ಸಚಿವ ಡೇವಿಡ್ ಲ್ಯಾಮಿ ಜೈಲುಗಳಿಗೆ ಹೆಚ್ಚುವರಿ ತಪಾಸಣೆ ಕಡ್ಡಾಯ ಮಾಡಿ, ತನಿಖೆಗೂ ಆದೇಶಿಸಿದರು.

ಅಕ್ಟೋಬರ್ 29ರಂದು ಲಂಡನ್ನಿನ ವಾಂಡ್ಸ್‌ವರ್ತ್ ಜೈಲು ಅಲ್ಜೀರಿಯಾದ ಕೈದಿಯೊಬ್ಬನನ್ನು ತಪ್ಪಾಗಿ ಬಿಟ್ಟಿತು. ಪೊಲೀಸರಿಗೆ ಸುದ್ದಿ ಮುಟ್ಟಿದ್ದು ನವೆಂಬರ್ 4ಕ್ಕೆ. 5ರಂದು ಪ್ರಧಾನಿಯ ಪರವಾಗಿ ಸದನದಲ್ಲಿ ನಿಂತಿದ್ದ ಲ್ಯಾಮಿಗೆ ವಿರೋಧ ಪಕ್ಷದ ಜೇಮ್ಸ್ ಕಾರ್ಟ್‌ಲಿಜ್ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು: ಆಶ್ರಯ ಕೋರಿದ ಬೇರೆ ಯಾವ ಅಪರಾಧಿಯಾದರೂ ತಪ್ಪಾಗಿ ಬಿಡುಗಡೆಯಾಗಿದ್ದಾನೆಯೇ? ಉತ್ತರ ಬರಲಿಲ್ಲ. ಕಲಾಪ ಮುಗಿಯುವಷ್ಟರಲ್ಲಿ ಸುದ್ದಿ ಹೊರಗೆ ಬಿತ್ತು. ತಮ್ಮ ಬಳಿ ಆಗ ಪೂರ್ತಿ ವಿವರ ಇರಲಿಲ್ಲ ಎಂದು ಲ್ಯಾಮಿ ಆಮೇಲೆ ಹೇಳಿದರು. ಆ ಕೈದಿ ಆಶ್ರಯ ಕೋರಿ ಬಂದವನೂ ಅಲ್ಲವಂತೆ, ವೀಸಾ ಅವಧಿ ಮೀರಿ ಉಳಿದವನು.