ಕಲಬುರಗಿಯ ಊಟದ ನಡಿಗೆ ಗಂಜಿನಿಂದ ಶುರುವಾಗಲಿ

ನಮಸ್ಕಾರ. ದೆಹಲಿಯ ಚಾಂದನಿ ಚೌಕದಲ್ಲಿ, ಹೈದರಾಬಾದಿನ ಚಾರ್‌ಮಿನಾರ್ ಸುತ್ತಮುತ್ತ, ಬೆಂಗಳೂರಿನ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ, ಮಾರ್ಗದರ್ಶಕರೊಬ್ಬರ ಹಿಂದೆ ಹತ್ತಾರು ಜನ ಅಂಗಡಿಯಿಂದ ಅಂಗಡಿಗೆ ತಿನ್ನುತ್ತ ಸಾಗುವ ಪ್ರವಾಸಗಳು ಈಗ ಹೊಸದೇನಲ್ಲ. ಊರನ್ನು ಅದರ ಊಟದಿಂದ ಅರಿಯಬೇಕೆಂಬ ಬಯಕೆಗೆ ನನ್ನ ಒಪ್ಪಿಗೆಯೂ ಇದೆ. ಅಂಥದ್ದೇ ನಡಿಗೆಯನ್ನು ಕಲಬುರಗಿಯಲ್ಲೂ ಮಾಡಿಸಬೇಕೆನ್ನುವವರು ಮಾಡಿಸಲಿ. ಆದರೆ ದಾರಿಯ ಬಗ್ಗೆ ನನ್ನದೊಂದು ತಕರಾರಿದೆ. ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಒಂದು ಪ್ಲೇಟ್ ಮಿರ್ಚಿ ಭಜಿ, ಎಲ್ಲಾದರೂ ಒಂದು ಬಿರಿಯಾನಿ, ಬಾಯಿ ಸಿಹಿಗೆ ಒಂದು ಮಾಲಪುರಿ, ಕೊನೆಗೆ ಕೋಟೆಯ ಮುಂದೆ ನಿಂತು ಫೋಟೊ: ಹೀಗೆ ತಿರುಗಿದವರ ಹೊಟ್ಟೆಯೇನೋ ತುಂಬುತ್ತದೆ, ಆದರೆ ಈ ಊರು ದಿನವೂ ಏನನ್ನು ಉಣ್ಣುತ್ತದೆ, ಅದನ್ನೇ ಯಾಕೆ ಉಣ್ಣುತ್ತದೆ ಎಂಬುದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಇಲ್ಲಿಯ ಮುಖ್ಯ ಊಟ ಹೊಲದಿಂದ ಮನೆಗೆ ಬಂದದ್ದು. ಅದು ಬೀದಿಗೆ ಇಳಿದದ್ದು ತೀರ ಕಡಿಮೆ. ಆದ್ದರಿಂದ ನಡಿಗೆಯೂ ತಿಂಡಿಯ ಗಾಡಿಗಳನ್ನು ಬಿಟ್ಟು ಕಾಳಿನ ಹಿಂದೆ ಹೋಗಬೇಕು ಎಂಬುದು ನನ್ನ ವಾದ.

ಹಾಗಾದರೆ ಬೆಳಗಿನ ಮೊದಲ ನಿಲ್ದಾಣ ಕಾಳುಕಡಿಯ ಸಗಟು ಪೇಟೆಯಾದ ನೆಹರು ಗಂಜ್. ತೊಗರಿಯ ಕಣಜವೆಂದು ಪಠ್ಯಪುಸ್ತಕದಲ್ಲಿ ಓದಿದ ಮಾತು ಅಡತಿ ಅಂಗಡಿಗಳ ಮುಂದೆ ಚೀಲಗಳ ರಾಶಿಯಾಗಿ, ಹಮಾಲರ ಬೆನ್ನ ಮೇಲಿನ ಭಾರವಾಗಿ ಎದುರಿಗೆ ನಿಲ್ಲುವುದು ಅಲ್ಲಿಯೇ. ಮುಂಗಾರಿನಲ್ಲಿ ಬಿತ್ತಿ ಡಿಸೆಂಬರ್, ಜನವರಿಯ ಹೊತ್ತಿಗೆ ರಾಶಿಯಾಗುವ ಈ ಬೆಳೆ, ಮಳೆ ಕೈಕೊಟ್ಟ ವರ್ಷದಲ್ಲೂ ಕರಿಮಣ್ಣಿನ ಆಳಕ್ಕೆ ಬೇರು ಇಳಿಸಿ ಒಂದಿಷ್ಟಾದರೂ ತಡೆದುಕೊಳ್ಳುತ್ತದೆ. ಕೃಷ್ಣೆ, ಭೀಮೆಯರು ಹರಿದರೂ ಬಹುಪಾಲು ಹೊಲ ಮಳೆಯನ್ನೇ ನಂಬಿರುವ ಸೀಮೆಯಲ್ಲಿ ಬೇಳೆ ಅಡುಗೆಯ ಅರಸನಾದದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಮಿಲ್ಲಿನ ಮಾಲೀಕರು ಒಪ್ಪಿದರೆ ಒಳಗೂ ಕರೆದೊಯ್ಯಬೇಕು. ಕಾಳಿನ ಮೈಗೆ ಗೀರು ಹಾಕಿ, ಎಣ್ಣೆ ಸವರಿ, ಬಿಸಿಲಿಗೆ ಹರವಿ ಒಣಗಿಸಿ, ಸಿಪ್ಪೆ ಬಿಡಿಸಿ ಒಡೆಯುವಷ್ಟರಲ್ಲಿ ಹೊಟ್ಟು, ನುಚ್ಚು ಬೇರೆಯಾಗಿ ದನದ ಮೇವಿಗೆ ಹೋಗುತ್ತವೆ. ಒಂದು ಹಿಡಿ ಬೇಳೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರೆ ಬರುವ ವಾಸನೆ ಪ್ಯಾಕೆಟ್ಟಿನ ಬೇಳೆಗೆ ಇರುವುದಿಲ್ಲ. ಮ್ಯಾನ್ಮಾರ್‌ನಿಂದ, ಆಫ್ರಿಕಾದ ದೇಶಗಳಿಂದ ಸುಂಕವಿಲ್ಲದೆ ತೊಗರಿ ಬಂದಾಗ ಇಲ್ಲಿಯ ರೈತರು ಧಾರಣೆಯ ಬಗ್ಗೆ ಯಾಕೆ ಸಿಟ್ಟಾಗುತ್ತಾರೆ ಎಂಬುದನ್ನೂ ಮಾರ್ಗದರ್ಶಕರು ಆ ಚೀಲಗಳ ಪಕ್ಕದಲ್ಲೇ ನಿಂತು ಹೇಳಬೇಕು. ಬೇಳೆಯ ರುಚಿಯನ್ನಷ್ಟೇ ಹೊಗಳಿ ಅದರ ಬೆಲೆಯ ಮಾತನ್ನು ನುಂಗಿಕೊಂಡರೆ ಅದು ಅರ್ಧ ಪ್ರವಾಸ.

ಗಂಜಿನಿಂದ ರೊಟ್ಟಿಯ ಒಲೆಗೆ. ಜೋಳದ ರೊಟ್ಟಿಯನ್ನು ತಟ್ಟೆಯಲ್ಲಿ ಕಂಡವರು ಬಹಳ, ಅದನ್ನು ಬಡಿಯುವುದನ್ನು ಹತ್ತಿರ ಕುಳಿತು ನೋಡಿದವರು ಕಡಿಮೆ. ಗೋಧಿ ಹಿಟ್ಟಿನಲ್ಲಿರುವ ಅಂಟು ಜೋಳಕ್ಕಿಲ್ಲವಾದ್ದರಿಂದ, ಹಿಟ್ಟನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಕುದಿಯುವ ನೀರು ಮಾಡಬೇಕಾಗುತ್ತದೆ. ನೀರು ಸುರಿದು, ಕೈ ಸುಡುವಷ್ಟು ಬಿಸಿಯಿರುವಾಗಲೇ ನಾದಿ, ಉಂಡೆ ಮಾಡಿ, ಒಣ ಹಿಟ್ಟಿನ ಮೇಲಿಟ್ಟು, ಒಂದು ಅಂಗೈಯಿಂದ ಬಡಿಯುತ್ತ ಇನ್ನೊಂದರಿಂದ ಸುತ್ತಿಸುತ್ತ ಹೋದಂತೆ ರೊಟ್ಟಿ ತಾನಾಗಿ ತಿರುಗುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ, ಆ ನೀರು ಆರುವ ಕ್ಷಣ ನೋಡಿ ಮಗುಚಬೇಕು. ತುಸು ತಡವಾದರೂ ಅದು ಉಬ್ಬುವುದಿಲ್ಲ. ರೊಟ್ಟಿ ಬಡಿದೇ ಸಂಸಾರ ನಡೆಸುವ ತಾಯಿಯೊಬ್ಬರು ನನಗೆ ಹೇಳಿದ ಮಾತು ಹೀಗಿತ್ತು: “ಹಿಟ್ಟು ಹಳೇದಾತಂದ್ರ ಜಿಗಿ ಹೋಗ್ತದ್ರೀ, ಬಡೀಲಿಕ್ಕ ಕೂತ್ರ ಅಂಚು ಒಡೀತಾವ.” ಈ ಕಾರಣಕ್ಕೇ ಇಲ್ಲಿಯ ಮನೆಗಳಲ್ಲಿ ಬೀಸಿಸಿದ ಹಿಟ್ಟನ್ನು ತಿಂಗಳುಗಟ್ಟಲೆ ಇಡುವುದಿಲ್ಲ, ಬಿಳಿಜೋಳವೆಂದರೆ ಮಾಲದಂಡಿ ತಳಿಯೇ ಬೇಕೆಂದು ಹಟ ಹಿಡಿಯುವವರೂ ಇದ್ದಾರೆ.

ಇಲ್ಲಿ ಹಣದ ಮಾತು ಬರಲೇಬೇಕು. ಜಿಲ್ಲೆಯ ಮಹಿಳಾ ಸ್ವಸಹಾಯ ಸಂಘಗಳು ಮಾಡುವ ಖಡಕ್ ರೊಟ್ಟಿ ಈಗ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲೇ ಮಾರುಕಟ್ಟೆಗೆ ಹೋಗುತ್ತಿದೆ, ಸಂತೋಷ. ಪ್ರವಾಸಿಗರು ಒಲೆಯ ಮುಂದೆ ಕುಳಿತು ವಿಡಿಯೊ ಮಾಡಿಕೊಂಡು, ತಾವೂ ಒಂದು ರೊಟ್ಟಿ ಬಡಿಯಲು ಹೋಗಿ ಹರಿದುಕೊಂಡು, ನಕ್ಕು ಎದ್ದು ಬರುವ ಆ ಅರ್ಧ ತಾಸು ಆ ಹೆಣ್ಣುಮಗಳ ದುಡಿಮೆಯ ಹೊತ್ತು. ಆ ಹೊತ್ತಿನಲ್ಲಿ ಆಗಬೇಕಿದ್ದ ರೊಟ್ಟಿಗಳ ಬೆಲೆ, ಅದರ ಮೇಲೆ ಕಲಿಸಿದ್ದಕ್ಕೆ ಕೂಲಿ, ಎರಡೂ ಆಕೆಯ ಕೈಗೇ ಹೋಗಬೇಕು. ನನ್ನನ್ನು ಕೇಳಿದರೆ ಆ ಭಾಗದ ಮಾರ್ಗದರ್ಶಕಿಯೂ ಆಕೆಯೇ ಆಗಬೇಕು. ಕುತ್ತಿಗೆಗೆ ಮೈಕು ಸಿಕ್ಕಿಸಿಕೊಂಡ ಯುವಕ ಪಕ್ಕಕ್ಕೆ ನಿಂತು ಬೇರೆ ಭಾಷೆಯವರಿಗೆ ಅನುವಾದ ಮಾಡಿದರೆ ಸಾಕು.

ಮಧ್ಯಾಹ್ನದ ಊಟ ಖಾನಾವಳಿಯಲ್ಲಿ. ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಬ್ಯಾಳಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ಇದರ ಬಗ್ಗೆ ಭಾಷಣ ಬೇಡ, ಹೊಟ್ಟೆ ತುಂಬ ಉಣ್ಣಲು ಬಿಡಬೇಕು. ಪುಂಡಿಸೊಪ್ಪಿನ ಹುಳಿಗೆ ಮುಖ ಕಿವುಚುವವರು ಎರಡನೆಯ ತುತ್ತಿನಲ್ಲಿ ಸರಿಹೋಗುತ್ತಾರೆ.

ಈಗ ಎಲ್ಲರೂ ಜಾಣತನದಿಂದ ಬಿಟ್ಟುಬಿಡುವ ವಿಷಯಕ್ಕೆ ಬರುತ್ತೇನೆ. ಈ ಬಗೆಯ ನಡಿಗೆಗಳನ್ನು ಶಾಕಾಹಾರಿಗಳಿಗೆ ಒಂದು, ಮಾಂಸಾಹಾರಿಗಳಿಗೆ ಇನ್ನೊಂದು ಎಂದು ಎರಡಾಗಿ ಸೀಳುವುದು ಆಯೋಜಕರಿಗೆ ಅನುಕೂಲ. ಆದರೆ ಕಲಬುರಗಿಯಲ್ಲಿ ಹಾಗೆ ಮಾಡಿದರೆ ಸೀಳುವುದು ಊರನ್ನೇ. 1347ರಲ್ಲಿ ಬಹಮನಿ ಅರಸರು ಇದನ್ನು ರಾಜಧಾನಿ ಮಾಡಿಕೊಂಡಂದಿನಿಂದ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಇಲ್ಲಿ ಬೆಳೆದ ಇನ್ನೊಂದು ಅಡುಗೆಮನೆಯ ದಿನನಿತ್ಯದ ಮುಖವೆಂದರೆ ಮುಸ್ಲಿಂ ಚೌಕದ ಕಡೆ ಸಿಗುವ ತಹರಿ. ಬಿರಿಯಾನಿಯಂತೆ ಪದರ ಹಾಕಿ ದಮ್ ಕಟ್ಟುವ ಗೋಜು ಅದಕ್ಕಿಲ್ಲ. ಮಾಂಸ ಬೆಂದ ರಸದಲ್ಲಿಯೇ ಅಕ್ಕಿ ಬೇಯುತ್ತದೆ, ಅರಿಸಿನದ ಹಳದಿ ಅದರ ಗುರುತು. ಕೂಲಿಕಾರರಿಗೆ, ಆಟೊದವರಿಗೆ, ಹಾಸ್ಟೆಲ್ಲಿನ ಹುಡುಗರಿಗೆ ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಿಸುವ ಈ ಅನ್ನವನ್ನು ಬಿಟ್ಟು ಬಿರಿಯಾನಿಯನ್ನು ತೋರಿಸುವವರು ಹೈದರಾಬಾದನ್ನೇ ಎರಡನೆಯ ಸಲ ತೋರಿಸುತ್ತಿದ್ದಾರೆ. ತಿನ್ನದವರು ತಿನ್ನುವುದು ಬೇಡ, ಯಾವ ಮಾಂಸವೆಂದು ಮೊದಲೇ ಕೇಳಿಕೊಳ್ಳುವ ಹಕ್ಕೂ ಎಲ್ಲರಿಗಿದೆ. ಆದರೆ ಆ ಬೀದಿಯಲ್ಲಿ ನಡೆಯುವುದಕ್ಕೆ, ಹಂಡೆಯ ಪಕ್ಕ ನಿಂತು ಮಾತಾಡಿಸುವುದಕ್ಕೆ, ಒಂದು ಕಪ್ ಚಹಾ ಕುಡಿಯುವುದಕ್ಕೆ ಯಾರ ಆಚಾರವೂ ಅಡ್ಡಬರಲಾರದು.

ನಡಿಗೆಯಲ್ಲಿ ಅತಿ ಸೂಕ್ಷ್ಮವಾದ ಭಾಗ ದಾಸೋಹ. ಕಾಯಕ, ದಾಸೋಹಗಳನ್ನು ಶರಣರು ಬದುಕಿ ತೋರಿಸಿದ ಹನ್ನೆರಡನೆಯ ಶತಮಾನದ ಕಲ್ಯಾಣ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಜೇವರ್ಗಿ ತಾಲೂಕಿನ ಅರಳಗುಂಡಗಿಯಿಂದ ಕಲಬುರಗಿಗೆ ಬಂದ ಶರಣಬಸವೇಶ್ವರರು (1746–1822) ಹಸಿದು ಬಂದವರಿಗೆ ಅನ್ನವಿಕ್ಕುವುದನ್ನೇ ಬಾಳಿನ ಕೆಲಸ ಮಾಡಿಕೊಂಡವರು. ತೆನೆ ತಿನ್ನಲು ಬಂದ ಹಕ್ಕಿಗಳನ್ನು ಓಡಿಸುವ ಬದಲು ಅವುಗಳಿಗೆ ನೀರಿಟ್ಟರೆಂಬ ಕಥೆಯನ್ನು ಇಲ್ಲಿ ಮಕ್ಕಳೂ ಹೇಳುತ್ತಾರೆ. 1422ರಲ್ಲಿ ತೀರಿಕೊಂಡ ಸೂಫಿ ಸಂತ ಖಾಜಾ ಬಂದೇ ನವಾಜರ ದರ್ಗಾಕ್ಕೆ ಉರುಸಿನಲ್ಲಿ ಎಲ್ಲ ಜಾತಿ ಮತಗಳ ಜನ ಬರುತ್ತಾರೆ. ಶರಣಬಸವೇಶ್ವರರ ಗುಡಿ, ದರ್ಗಾಗಳಂಥ ಕಡೆ ನೀಡುವ ಅನ್ನವನ್ನು ಟಿಕೆಟ್ಟಿನ ದರದಲ್ಲಿ ಸೇರಿಸಿ, ‘ಐದನೆಯ ನಿಲ್ದಾಣ, ಪ್ರಸಾದದ ರುಚಿ’ ಎಂದು ಮುದ್ರಿಸುವುದನ್ನು ನಾನು ಒಪ್ಪಲಾರೆ. ಯಾರಿಂದಲೂ ಕಾಸು ಕೇಳದೆ ಬಡಿಸುವುದನ್ನು ಮೂರನೆಯವರು ಮಾರಿದಂತೆ ಆಗುತ್ತದೆ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಎಲ್ಲರಿಗೂ ಉಚಿತವಾಗಿ ಬಡಿಸುವ ಲಂಗರ್ ಊಟಕ್ಕೂ ಇದೇ ಮಾತು ಸಲ್ಲುತ್ತದೆ. ಹೋಗಬಾರದೆಂದಲ್ಲ. ಪಂಕ್ತಿಯಲ್ಲಿ ಎಲ್ಲರ ಜೊತೆ ಕೂಡಲಿ, ಕ್ಯಾಮೆರಾ ಚೀಲದಲ್ಲಿರಲಿ, ಎಲೆಯಲ್ಲಿ ಅನ್ನ ಬಿಡದಿರಲಿ. ಮನಸ್ಸಾದರೆ ಬೆಳಿಗ್ಗೆ ಗಂಜಿನಲ್ಲಿ ಕೊಂಡ ಬೇಳೆಯನ್ನೇ ಅಲ್ಲಿಯ ಅಡುಗೆಮನೆಗೆ ಕೊಟ್ಟುಬರಲಿ.

ಸಂಜೆಗೆ ಚುರುಮುರಿ ಸುಸಲಾ, ಮಿರ್ಚಿ ಇದ್ದೇ ಇವೆ. ಅವುಗಳ ಬಗ್ಗೆ ನನಗೆ ದ್ವೇಷವೇನಿಲ್ಲ, ಅವು ಇರಬೇಕಾದ ಜಾಗ ಸಂಜೆ ಅಷ್ಟೇ.

ಯಾವ ತಿಂಗಳಲ್ಲಿ ಕರೆತರುತ್ತಾರೆ ಎಂಬುದೂ ಮುಖ್ಯ. ಡಿಸೆಂಬರ್, ಜನವರಿಯಲ್ಲಿ ಬಂದರೆ ತೊಗರಿಯ ರಾಶಿ ಇರುತ್ತದೆ, ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದ ಸೀತನಿ ಸಿಗುತ್ತದೆ. ಎಳ್ಳಮಾವಾಸ್ಯೆಯೂ ಅದೇ ಹೊತ್ತಿಗೆ ಬರುತ್ತದೆ. ಅಂದು ಊರಿಗೆ ಊರೇ ಸಜ್ಜೆ ರೊಟ್ಟಿ, ಭಜ್ಜಿಪಲ್ಯ, ಕಡುಬುಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಉಣ್ಣುತ್ತದೆ. ಆ ದಿನಕ್ಕೆ ಬುಕಿಂಗ್ ಮಾಡಿಕೊಳ್ಳಲು ಹೋಗಬೇಡಿ. ಪರಿಚಯದ ರೈತರು ಕರೆದರೆ ಇಬ್ಬರೋ ಮೂವರೋ ಬೀಗರ ಹಾಗೆ ಹೋಗಿ, ಇಪ್ಪತ್ತು ಜನರ ಬಸ್ಸನ್ನು ಹೊಲದ ಬದುವಿಗೆ ತಂದು ನಿಲ್ಲಿಸಬೇಡಿ. ಇನ್ನು ಶಾಲೆಗೆ ಸೂಟಿಯೆಂದು ಮೇ ತಿಂಗಳಲ್ಲೇ ಕರೆತರುವವರು, ಗಂಜ್ ಮತ್ತು ರೊಟ್ಟಿಯ ಒಲೆಯನ್ನು ಬೆಳಗಿನ ಒಂಬತ್ತರೊಳಗೆ ಮುಗಿಸಿ, ಇಳಿಹೊತ್ತಿನ ತನಕ ಜನರನ್ನು ಖಾನಾವಳಿಯ ಫ್ಯಾನಿನ ಕೆಳಗೆ ಕೂಡಿಸಿ, ಮಜ್ಜಿಗೆಯನ್ನು ಕೇಳಿದಷ್ಟು ಕೊಡುವ ಏರ್ಪಾಡು ಮಾಡಿಕೊಳ್ಳಲಿ.