ಪರೀಕ್ಷೆ ಫೇಲಾದಾಗ ಏನು ಹೇಳಬೇಕು? ಪರ್ಲ್‌ನಲ್ಲಿ ಮರುಬಳಕೆಯ ಟೆಸ್ಟ್ ಮಾಡ್ಯೂಲ್‌ಗಳು

ಎಲ್ಲರಿಗೂ ನಮಸ್ಕಾರ.

ತಂತ್ರಾಂಶದ ಪರೀಕ್ಷೆ ಎಂದೊಡನೆ ನಾವು ಹೆಚ್ಚಾಗಿ ಮಾತಾಡುವುದು ಎಷ್ಟು ಪರೀಕ್ಷೆ ಬರೆದೆವು, ಎಷ್ಟು ಪಾಸಾದವು ಎಂಬುದನ್ನು. ನಾನು ಇವತ್ತು ಮಾತಾಡಬೇಕೆಂದಿರುವುದು ಫೇಲಾದ ಪರೀಕ್ಷೆಯ ಬಗ್ಗೆ. ಹಲವರು ಹಲವು ಕಡತಗಳಲ್ಲಿ ಬಳಸುವ ಟೆಸ್ಟ್ ಮಾಡ್ಯೂಲ್, ಅಂದರೆ ಪರೀಕ್ಷೆಗಳಿಗೆಂದು ಬರೆದಿಟ್ಟ ಕೋಡಿನ ಕಟ್ಟು, ಪಾಸಾದಾಗ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಫೇಲಾದಾಗ ಅದು ಯಾವ ಸಾಲಿನತ್ತ ಬೆರಳು ತೋರಿಸುತ್ತದೆ, ಏನು ಹೇಳುತ್ತದೆ ಎಂಬುದರಲ್ಲೇ ಅದರ ಬೆಲೆಯೆಲ್ಲ ಇದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಉದಾಹರಣೆಗೆ ಪರ್ಲ್ ಭಾಷೆಯನ್ನು ತೆಗೆದುಕೊಳ್ಳುತ್ತೇನೆ. ಅಲ್ಲಿನವರು ಈ ಪ್ರಶ್ನೆಯನ್ನು ಬಹಳ ಬೇಗ ಎದುರಿಸಿದರು, ಚೆನ್ನಾಗಿಯೂ ಬಿಡಿಸಿದರು.

1987ರ ಡಿಸೆಂಬರ್ 18ರಂದು ಲ್ಯಾರಿ ವಾಲ್ ಪರ್ಲ್‌ನ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿದಾಗ, ಭಾಷೆಯ ಜೊತೆಗೇ ಅದರ ಪರೀಕ್ಷೆಗಳೂ ಬಂದವು. ಪ್ರತಿ ಪರೀಕ್ಷೆಯೂ ಒಂದು ಪುಟ್ಟ ಸ್ಕ್ರಿಪ್ಟ್. ಒಟ್ಟು ಎಷ್ಟು ಪರೀಕ್ಷೆಗಳಿವೆ ಎಂದು ಮೊದಲ ಸಾಲಿನಲ್ಲಿ ಹೇಳುವುದು, ಆಮೇಲೆ ಒಂದೊಂದಕ್ಕೂ ‘ಓಕೆ 1’, ‘ನಾಟ್ ಓಕೆ 2’ ಎಂದು ಬರೆಯುತ್ತಾ ಹೋಗುವುದು, ಅಷ್ಟೇ. ಆ ಸಾಲುಗಳನ್ನು ಓದಿ ಲೆಕ್ಕ ಹಾಕುವುದು ಬೇರೊಂದು ಪ್ರೋಗ್ರಾಮಿನ ಕೆಲಸ. ಈ ರೂಢಿಗೆ ಮುಂದೆ ಟ್ಯಾಪ್ ಎಂಬ ಹೆಸರು ಬಂತು. ಪರೀಕ್ಷೆ ಬರೆಯುವವರಿಗೂ ಫಲಿತಾಂಶ ಓದುವವರಿಗೂ ನಡುವೆ ಇರುವುದು ಬರೀ ಪಠ್ಯವಾದ್ದರಿಂದ ಯಾವ ಭಾಷೆಯಾದರೂ ಅದನ್ನು ಆಡಬಹುದು. ಗಿಟ್ ತಂತ್ರಾಂಶದ ಪರೀಕ್ಷೆಗಳು ಬಹುಪಾಲು ಶೆಲ್ ಸ್ಕ್ರಿಪ್ಟ್‌ಗಳು. ಅವು ಹೊರಹಾಕುವುದೂ ಟ್ಯಾಪ್ ಸಾಲುಗಳನ್ನೇ.

ತೊಡಕು ಶುರುವಾದದ್ದು ಮಾಡ್ಯೂಲ್‌ಗಳು ಹೆಚ್ಚಿದಾಗ. ಒಬ್ಬರು ಕಡತಗಳನ್ನು ಪರೀಕ್ಷಿಸುವ ಮಾಡ್ಯೂಲ್ ಬರೆದರು, ಇನ್ನೊಬ್ಬರು ಎರರ್‌ಗಳನ್ನು ಪರೀಕ್ಷಿಸುವುದನ್ನು ಬರೆದರು ಎಂದುಕೊಳ್ಳಿ. ಒಂದೇ ಸ್ಕ್ರಿಪ್ಟಿನಲ್ಲಿ ಎರಡನ್ನೂ ಬಳಸಿದರೆ ಕ್ರಮಸಂಖ್ಯೆ ಇಡುವವರು ಯಾರು? ಎರಡೂ ತಮ್ಮ ತಮ್ಮ ಲೆಕ್ಕ ಇಟ್ಟುಕೊಂಡರೆ ‘ಓಕೆ 5’ ಎರಡು ಸಲ ಬರುತ್ತದೆ, ಓದುವ ಪ್ರೋಗ್ರಾಮು ದಿಕ್ಕೆಡುತ್ತದೆ. ಮೈಕೆಲ್ ಶ್ವೆರ್ನ್ ಮತ್ತು ಕ್ರೊಮ್ಯಾಟಿಕ್ ಎಂಬ ಹೆಸರಿನಿಂದ ಬರೆಯುವ ಪ್ರೋಗ್ರಾಮರ್ 2001ರಲ್ಲಿ ಇದಕ್ಕೆ ಕೊಟ್ಟ ಉತ್ತರ ‘ಟೆಸ್ಟ್ ಬಿಲ್ಡರ್’. ಇಡೀ ಪ್ರಕ್ರಿಯೆಗೆ ಒಂದೇ ಒಂದು ಬಿಲ್ಡರ್ ಆಬ್ಜೆಕ್ಟ್ ಇರುತ್ತದೆ. ಯಾವ ಮಾಡ್ಯೂಲ್ ಕೇಳಿದರೂ ಅದೇ ಸಿಗುತ್ತದೆ. ಕೂಡುಕುಟುಂಬದ ಜಮಾಖರ್ಚನ್ನು ಒಂದೇ ಪುಸ್ತಕದಲ್ಲಿ ಬರೆಯುವ ಹಾಗೆ, ಎಣಿಕೆಯೂ ಮುದ್ರಣವೂ ಒಂದೇ ಕಡೆ. ಸಾಮಾನ್ಯವಾಗಿ ಎಲ್ಲರೂ ಬಳಸುವ ‘ಟೆಸ್ಟ್ ಮೋರ್’ ಕೂಡ ಇದರ ಮೇಲೆ ಕಟ್ಟಿದ ತೆಳುವಾದ ಪದರ. ಹೀಗೆ ಎಲ್ಲರಿಗೂ ಒಂದೇ ಆಬ್ಜೆಕ್ಟ್ ಇಡುವ ಸಿಂಗಲ್ಟನ್ ವಿನ್ಯಾಸವೆಂದರೆ ಮೂಗು ಮುರಿಯುವವರು ನಮ್ಮಲ್ಲಿ ಅನೇಕರಿದ್ದಾರೆ. ಇಲ್ಲಿ ಮಾತ್ರ ಅದು ಸರಿಯಾದ ಆಯ್ಕೆ, ಏಕೆಂದರೆ ಹಂಚಿಕೊಳ್ಳಬೇಕಾದ ಲೆಕ್ಕ ನಿಜವಾಗಿಯೂ ಒಂದೇ.

ಈಗ ಕನ್ನಡಕ್ಕೆ ಬೇಕಾದ ಒಂದು ಮಾಡ್ಯೂಲನ್ನು ಕಟ್ಟಿ ನೋಡೋಣ. ನಮ್ಮ ಪ್ರೋಗ್ರಾಮು ಊರಿನ ಹೆಸರುಗಳನ್ನು ಕೊಡುತ್ತದೆ. ‘ಕೋಲಾರ’ ಬಂತೇ ಎಂದು ಪರೀಕ್ಷಿಸುತ್ತೇವೆ. ಪರೀಕ್ಷೆ ಫೇಲ್. ಪರದೆಯ ಮೇಲೆ ನೋಡಿದರೆ, ಸಿಕ್ಕಿದ್ದು ‘ಕೋಲಾರ’, ನಿರೀಕ್ಷಿಸಿದ್ದು ‘ಕೋಲಾರ’. ಎರಡು ಸಾಲೂ ಒಂದೇ ಥರ ಕಾಣುತ್ತವೆ. ಇದಕ್ಕಿಂತ ಕೆಟ್ಟ ದೋಷಸಂದೇಶ ಬೇರೆ ಇಲ್ಲ.

ಕಾರಣ ಯೂನಿಕೋಡ್‌ನಲ್ಲಿದೆ. ಅದು ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆಯನ್ನು ಸಂಕೇತವಾಗಿ ಕೊಡುವ ಮಾನಕ. ದೀರ್ಘ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ದಶಮಾನ ಪದ್ಧತಿಯಲ್ಲಿ ಹೇಳುವುದಾದರೆ ಅದು 3275. ಅದನ್ನೇ 3270, 3266, 3285 ಎಂಬ ಮೂರು ಸಂಕೇತಗಳ ಸಾಲಾಗಿಯೂ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು. ಕಣ್ಣಿಗೆ ಎರಡೂ ಒಂದೇ, ಯೂನಿಕೋಡ್ ಮಾನಕದ ಪ್ರಕಾರವೂ ಸಮಾನ. ಆದರೆ ಅಕ್ಷರ ಅಕ್ಷರ ಹೋಲಿಸುವ ಪ್ರೋಗ್ರಾಮಿಗೆ ಬೇರೆ ಬೇರೆ. ಆದ್ದರಿಂದ ನಮ್ಮ ಮಾಡ್ಯೂಲು ಎರಡೂ ಪಠ್ಯಗಳನ್ನು ಮೊದಲು ಪರ್ಲ್ ಜೊತೆಗೇ ಬರುವ ‘ಯೂನಿಕೋಡ್ ನಾರ್ಮಲೈಸ್’ ಮೂಲಕ ಒಂದೇ ರೂಪಕ್ಕೆ ತಂದು, ಆಮೇಲೆ ಹೋಲಿಸಬೇಕು.

ಇಲ್ಲಿ ಒಂದು ತೀರ್ಮಾನ ಎಚ್ಚರದಿಂದ ಮಾಡಬೇಕು. ಅಕ್ಷರಗಳನ್ನು ಬೇರ್ಪಡಿಸುವ ಕಾಣದ ಸಂಕೇತ, 8204, ಪದದ ಕೊನೆಯಲ್ಲಿ ಉಳಿದುಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಾರ್ಮಲೈಸ್ ಮಾಡಿದರೂ ಅದು ಹೋಗುವುದಿಲ್ಲ. ಅದನ್ನು ಮಾಡ್ಯೂಲೇ ಸದ್ದಿಲ್ಲದೆ ಅಳಿಸಿದರೆ ಅನುಕೂಲವೆಂದು ಅನ್ನಿಸಬಹುದು. ನಾನು ಒಪ್ಪುವುದಿಲ್ಲ. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಆ ಸಂಕೇತವೇ ಒತ್ತಕ್ಷರ ಮೂಡದಂತೆ ತಡೆಯುತ್ತದೆ. ಅಲ್ಲಿ ಅದು ಬರಹದ ಭಾಗ. ಪರೀಕ್ಷೆಯ ಕೆಲಸ ವ್ಯತ್ಯಾಸವನ್ನು ಕಾಣಿಸುವುದು. ಹಾಗಾಗಿ ಫೇಲಾದಾಗ ನಮ್ಮ ಮಾಡ್ಯೂಲು ಮೊದಲ ವ್ಯತ್ಯಾಸ ಎಲ್ಲಿದೆ, ಆ ಜಾಗದಲ್ಲಿ ಎರಡೂ ಕಡೆ ಯಾವ ಸಂಕೇತವಿದೆ, ಅದರ ಯೂನಿಕೋಡ್ ಹೆಸರೇನು ಎಂಬುದನ್ನು ಬಿಡಿಸಿ ಹೇಳಬೇಕು. ‘ಏಳನೆಯ ಸ್ಥಾನ: ಸಿಕ್ಕಿದ್ದು 8204, ನಿರೀಕ್ಷಿಸಿದ್ದು ಪಠ್ಯದ ಅಂತ್ಯ’ ಎಂಬ ಸಾಲನ್ನು ಓದಿದವರು ಎರಡೇ ನಿಮಿಷದಲ್ಲಿ ದೋಷದ ಬಳಿ ಹೋಗಿ ನಿಲ್ಲುತ್ತಾರೆ.

ಸಂದೇಶ ಕನ್ನಡದಲ್ಲಿ ಮುದ್ರಣವಾಗುವಾಗ ಇನ್ನೊಂದು ಗಂಟು ಎದುರಾಗುತ್ತದೆ. ಟೆಸ್ಟ್ ಬಿಲ್ಡರ್ ಲೋಡ್ ಆಗುವಾಗಲೇ ಔಟ್‌ಪುಟ್ ಮಾರ್ಗಗಳ ನಕಲು ಮಾಡಿಟ್ಟುಕೊಳ್ಳುತ್ತದೆ. ಆಮೇಲೆ ನಿಮ್ಮ ಸ್ಕ್ರಿಪ್ಟಿನ ಔಟ್‌ಪುಟ್‌ಗೆ ಯುಟಿಎಫ್-8 (ಯೂನಿಕೋಡ್ ಪಠ್ಯವನ್ನು ಬೈಟುಗಳಾಗಿ ಬರೆಯುವ ವಿಧಾನ) ಎಂದು ಎಷ್ಟು ಹೇಳಿದರೂ ಆ ನಕಲುಗಳಿಗೆ ತಲುಪುವುದಿಲ್ಲ. ‘ವೈಡ್ ಕ್ಯಾರೆಕ್ಟರ್’ ಎಚ್ಚರಿಕೆಗಳು ಸಾಲುಗಟ್ಟಿ ಬರುತ್ತವೆ. ಬಿಲ್ಡರ್‌ನ ಮೂರು ಮಾರ್ಗಗಳಿಗೂ, ಅಂದರೆ ಸಾಮಾನ್ಯ ಫಲಿತಾಂಶ, ವೈಫಲ್ಯ ಮತ್ತು ಬಾಕಿ ಕೆಲಸದ ಪರೀಕ್ಷೆಗಳಿಗೆ ಮೀಸಲಾದವುಗಳಿಗೆ, ಪ್ರತ್ಯೇಕವಾಗಿ ಹೇಳಬೇಕು. ಪರ್ಲ್‌ನಲ್ಲಿ ಕನ್ನಡ ಪಠ್ಯದ ಪರೀಕ್ಷೆ ಬರೆಯುವ ಪ್ರತಿಯೊಬ್ಬರೂ ಒಮ್ಮೆಯಾದರೂ ಎಡವುವ ಜಾಗ ಇದು, ಗುರುತು ಹಾಕಿಕೊಳ್ಳಿ.

ಇನ್ನು ಬೆರಳು ತೋರಿಸುವ ಮಾತು. ನಮ್ಮ ಮಾಡ್ಯೂಲಿನ ಫಂಕ್ಷನ್ನು ಟೆಸ್ಟ್ ಮೋರ್‌ನ ಫಂಕ್ಷನ್ನನ್ನು ಕರೆಯುತ್ತದೆ. ಪರೀಕ್ಷೆ ಫೇಲಾದರೆ ವರದಿಯಾಗುವುದು ಆ ಕರೆ ಇರುವ ಸಾಲು, ಅಂದರೆ ನಮ್ಮ ಮಾಡ್ಯೂಲಿನೊಳಗಿನ ಸಾಲು. ಇನ್ನೂರು ಕಡೆ ಬಳಸಿದ್ದರೆ ಇನ್ನೂರು ವೈಫಲ್ಯಗಳೂ ಅದೊಂದೇ ಸಾಲಿನ ಹೆಸರು ಹೇಳುತ್ತವೆ. ಬಳಸಿದವರಿಗೆ ಅದರಿಂದ ಏನು ಪ್ರಯೋಜನ? ಟೆಸ್ಟ್ ಬಿಲ್ಡರ್‌ನಲ್ಲಿ ‘ಲೆವೆಲ್’ ಎಂಬ ವೇರಿಯಬಲ್ ಇರುವುದು ಇದಕ್ಕೇ. ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಅದನ್ನು ಆ ಫಂಕ್ಷನ್ನಿನ ಮಟ್ಟಿಗೆ ಮಾತ್ರ ಒಂದು ಹೆಚ್ಚಿಸಿದರೆ, ವರದಿ ಒಂದು ಮೆಟ್ಟಿಲು ಮೇಲೆ ಹೋಗಿ ಕರೆದವರ ಸಾಲನ್ನು ತೋರಿಸುತ್ತದೆ. ಒಂದೇ ಸಾಲಿನ ಕೆಲಸ, ಆದರೂ ಎಷ್ಟೋ ಮಾಡ್ಯೂಲ್‌ಗಳಲ್ಲಿ ಇದು ಇರುವುದಿಲ್ಲ. ಹಾಗೆಯೇ ಫಂಕ್ಷನ್ನು ಪಾಸೋ ಫೇಲೋ ಎಂಬುದನ್ನು ಕರೆದವರಿಗೆ ಹಿಂದಿರುಗಿಸಲಿ. ಫೇಲಾದಾಗ ಅವರು ತಮ್ಮದೇ ಹೆಚ್ಚಿನ ಮಾಹಿತಿಯನ್ನು ಸೇರಿಸಿಕೊಳ್ಳುತ್ತಾರೆ.

ದೊಡ್ಡ ಪ್ರಮಾಣದಲ್ಲಿ ಈ ಗುಣವನ್ನು ನೋಡಬೇಕೆಂದರೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೂಲ ಕಡತಗಳನ್ನು ತೆರೆಯಿರಿ. ಡೇಟಾಬೇಸ್ ಸಿ ಭಾಷೆಯದು; ಸರ್ವರ್‌ಗಳನ್ನು ಏರಿಸಿ ಇಳಿಸಿ ನೋಡುವ ಪರೀಕ್ಷೆಗಳು ಪರ್ಲ್‌ನವು. ಅವುಗಳಿಗೆಲ್ಲ ಆಧಾರವಾದ ಮಾಡ್ಯೂಲಿಗೆ ಮೊದಲು ‘ಪೋಸ್ಟ್‌ಗ್ರೆಸ್ ನೋಡ್’ ಎಂಬ ಹೆಸರಿತ್ತು, 15ನೆಯ ಆವೃತ್ತಿಯಿಂದ ಅದು ‘ಪೋಸ್ಟ್‌ಗ್ರೆಸ್ ಟೆಸ್ಟ್ ಕ್ಲಸ್ಟರ್’. ಒಂದು ಕ್ವೆರಿಗೆ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗೆ, ನಿರೀಕ್ಷಿಸಿದ ಉತ್ತರ ಬರುವ ತನಕ ಕಾಯುವ ಫಂಕ್ಷನ್ ಅದರಲ್ಲಿದೆ. ಹತ್ತು ಸೆಕೆಂಡು ನಿದ್ರಿಸಿ ನೋಡೋಣ ಎಂಬ ಅಂದಾಜು ಅಲ್ಲಿಲ್ಲ. ಮತ್ತೆ ಮತ್ತೆ ಕೇಳಿ ನೋಡುತ್ತದೆ, ಸಾಮಾನ್ಯ ಮಿತಿ 180 ಸೆಕೆಂಡು. ಮಿತಿ ಮೀರಿದರೆ ಯಾವ ಕ್ವೆರಿ, ಯಾವ ಉತ್ತರಕ್ಕಾಗಿ ಕಾದೆ, ಕೊನೆಗೆ ಸಿಕ್ಕಿದ್ದೇನು, ಎರರ್ ಏನು ಬಂತು ಎಂಬುದೆಲ್ಲವನ್ನೂ ಬರೆದು ನಿಲ್ಲುತ್ತದೆ. ದೂರದ ಯಂತ್ರದಲ್ಲಿ ರಾತ್ರಿ ಓಡಿದ ಪರೀಕ್ಷೆ ಫೇಲಾದರೆ ಬೆಳಿಗ್ಗೆ ನಮ್ಮ ಕೈಯಲ್ಲಿ ಉಳಿಯುವುದು ಲಾಗ್ ಒಂದೇ. ಇಂಥ ಫಂಕ್ಷನ್ ಬರೆದವರ ಬಗ್ಗೆ ನನಗೆ ಗೌರವವಿದೆ.

ಟೆಸ್ಟ್ ಮಾಡ್ಯೂಲಿಗೂ ಪರೀಕ್ಷೆ ಬೇಕು. ಫೇಲಾಗಬೇಕಾದಲ್ಲಿ ಫೇಲಾಗುತ್ತದೆಯೇ, ಹೇಳಬೇಕಾದದ್ದನ್ನೇ ಹೇಳುತ್ತದೆಯೇ ಎಂದು ನೋಡಬೇಕು. ಹಿಂದೆ ಇದಕ್ಕೆ ಬಳಸುತ್ತಿದ್ದ ‘ಟೆಸ್ಟ್ ಬಿಲ್ಡರ್ ಟೆಸ್ಟರ್’ ಮುದ್ರಿತ ಪಠ್ಯವನ್ನು ಅಕ್ಷರಶಃ ಹೋಲಿಸುತ್ತಿತ್ತು. ದೋಷಸಂದೇಶದ ಮಾದರಿಯನ್ನು ಸ್ವಲ್ಪ ಸುಧಾರಿಸಿದರೂ ಯಾರಾರದೋ ಮಾಡ್ಯೂಲಿನ ಪರೀಕ್ಷೆಗಳು ಮುರಿಯುತ್ತಿದ್ದವು. ಸುಧಾರಣೆಯೇ ಅಪರಾಧವಾಗುವಂಥ ಸ್ಥಿತಿ. 2016ರಲ್ಲಿ ಚಾಡ್ ಗ್ರಾನಮ್ ಅವರ ‘ಟೆಸ್ಟ್ 2’ ಒಳಗಿನ ಕಟ್ಟಡವನ್ನೇ ಬದಲಿಸಿತು. ಈಗ ಪ್ರತಿ ಪರೀಕ್ಷೆಯೂ ಒಂದು ಘಟನೆ, ಅಂದರೆ ಇವೆಂಟ್. ಪಠ್ಯವಾಗುವುದು ಕೊನೆಯ ಹಂತದಲ್ಲಿ. ಆ ಘಟನೆಗಳನ್ನು ನಡುವೆಯೇ ಹಿಡಿದು, ಪಾಸೋ ಫೇಲೋ, ಯಾವ ಸಾಲು ಎಂದು ನೇರವಾಗಿ ಕೇಳಬಹುದು. ಹಳೆಯ ಟೆಸ್ಟ್ ಬಿಲ್ಡರ್ ಈಗ ಅದರ ಮೇಲೆಯೇ ನಿಂತಿದೆ, ಹಳೆಯ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವು ಹಾಗೆಯೇ ಓಡುತ್ತವೆ. ಹೊಸದಾಗಿ ಬರೆಯುವವರು ಟೆಸ್ಟ್ 2ರಿಂದಲೇ ಆರಂಭಿಸಿ.

ನಮ್ಮ ಕನ್ನಡ ಮಾಡ್ಯೂಲಿನಲ್ಲಿ ಅಂಕಿಗಳ ವಿಷಯ ಬಾಕಿ ಇದೆ. ೧೯೫೬ ಮತ್ತು 1956 ಸಮಾನವೇ? ವರ್ಷವನ್ನು ಹೋಲಿಸುವವರಿಗೆ ಹೌದು. ಪುಸ್ತಕದ ಪುಟವಿನ್ಯಾಸ ಪರೀಕ್ಷಿಸುವವರಿಗೆ ಖಂಡಿತ ಅಲ್ಲ. ಇದನ್ನು ಅದೇ ಫಂಕ್ಷನ್ನಿಗೆ ಒಂದು ಆಯ್ಕೆಯಾಗಿ ತುರುಕುವುದಕ್ಕಿಂತ, ಬೇರೆ ಹೆಸರಿನ ಎರಡನೆಯ ಫಂಕ್ಷನ್ ಬರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಫೇಲಾದ ಸಾಲನ್ನು ಓದುವವರಿಗೆ ಯಾವ ನಿಯಮದಿಂದ ಹೋಲಿಸಲಾಯಿತು ಎಂಬುದು ಹೆಸರಿನಲ್ಲೇ ತಿಳಿಯುತ್ತದೆ. ಬೇರೆ ಅಭಿಪ್ರಾಯ ಇರುವವರು ಈಗ ಹೇಳಿ, ಚರ್ಚಿಸೋಣ.